ಐದು ಲೀಟರ್ ಕಡಲನೀರಿನ ವಯಸ್ಸು: ಆರ್ಗಾನ್-39 ಎಣಿಕೆ ಸೇವೆಯ ವಿಮರ್ಶೆ

ಆಳಗಡಲಿನಿಂದ ಮೇಲೆತ್ತಿದ ನೀರು ಕೊನೆಯ ಬಾರಿ ಗಾಳಿಯನ್ನು ಮುಟ್ಟಿದ್ದು ಯಾವಾಗ ಎಂಬ ಪ್ರಶ್ನೆಗೆ, ಗಾಳಿಯಲ್ಲಿರುವ ಆರ್ಗಾನ್ ಅನಿಲದ ವಿಕಿರಣಶೀಲ ರೂಪವಾದ ಆರ್ಗಾನ್-39ರ ಪರಮಾಣುಗಳನ್ನು ಒಂದೊಂದಾಗಿ ಎಣಿಸಿ ಉತ್ತರ ಕೊಡುವ ಪ್ರಯೋಗಾಲಯಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟಿವೆ. ಅಂಥ ಒಂದು ಪ್ರಯೋಗಾಲಯಕ್ಕೆ ನಾನು ಹನ್ನೆರಡು ಮಾದರಿಗಳನ್ನು ಕಳುಹಿಸಿದ್ದೆ. ವರದಿ ಈಗ ಕೈಯಲ್ಲಿದೆ. ಪ್ರಯೋಗಾಲಯದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ಮೆಚ್ಚುಗೆಯ ಬಹುಪಾಲು ಈ ವಿಧಾನಕ್ಕೆ ಸಲ್ಲಬೇಕಾದದ್ದು, ಆಕ್ಷೇಪಗಳಲ್ಲಿ ಅರ್ಧದಷ್ಟು ವರದಿ ಬರೆಯುವ ರೂಢಿಗೆ ಸಂಬಂಧಿಸಿದ್ದು.

ಈ ಸೇವೆಯ ಅಗತ್ಯ ಯಾರಿಗಿದೆ ಎಂಬುದನ್ನು ಮೊದಲು ಹೇಳಬೇಕು. ಕಡಲಿನ ಒಳಪದರಗಳು ಎಷ್ಟು ವೇಗವಾಗಿ ಹೊಸ ನೀರಿನಿಂದ ತುಂಬಿಕೊಳ್ಳುತ್ತವೆ ಎಂಬುದು ಗೊತ್ತಿಲ್ಲದಿದ್ದರೆ, ಅಲ್ಲಿ ಆಮ್ಲಜನಕ ಎಷ್ಟು ಬೇಗ ಖರ್ಚಾಗುತ್ತಿದೆ, ಮನುಷ್ಯರು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟು ಆಳಕ್ಕೆ ಇಳಿದಿದೆ ಎಂದು ಲೆಕ್ಕ ಹಾಕಲಾಗದು. ಇಪ್ಪತ್ತನೆಯ ಶತಮಾನದಲ್ಲಿ ಕಾರ್ಖಾನೆಗಳಲ್ಲಿ ತಯಾರಾಗಿ ವಾತಾವರಣಕ್ಕೆ ಸೇರಿದ ಸಿಎಫ್‌ಸಿ-12 ಮತ್ತು ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲಗಳು ಕೆಲವೇ ದಶಕಗಳ ಹಿಂದೆ ಮೇಲ್ಮೈ ಬಿಟ್ಟ ನೀರನ್ನು ಗುರುತಿಸಿಕೊಡುತ್ತವೆ. ಅದಕ್ಕೂ ಹಳೆಯ ನೀರಿನಲ್ಲಿ ಅವು ಇರುವುದೇ ಇಲ್ಲ. ಇನ್ನೊಂದು ತುದಿಯಲ್ಲಿ ಇಂಗಾಲದ ವಿಕಿರಣಶೀಲ ರೂಪವಾದ ಕಾರ್ಬನ್-14 ಇದೆ. ಅದರ ಅರ್ಧಾಯು, ಅಂದರೆ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಕಾಲ, 5730 ವರ್ಷ. ಸಾವಿರ ವರ್ಷ ಮೀರಿದ ನೀರಿಗೆ ಅದು ಒಳ್ಳೆಯ ಗಡಿಯಾರ, ಇನ್ನೂರು ವರ್ಷದ ನೀರಿನಲ್ಲಿ ಅದರ ಮುಳ್ಳು ಕದಲಿದ್ದೇ ಕಾಣುವುದಿಲ್ಲ. ಐವತ್ತರಿಂದ ಸಾವಿರ ವರ್ಷದ ನಡುವಿನ ಈ ಅಂತರವನ್ನು ತುಂಬುವುದಕ್ಕೆ ಹೇಳಿಮಾಡಿಸಿದಂತಿರುವುದು ಆರ್ಗಾನ್-39. ವಿಶ್ವಕಿರಣಗಳು ವಾತಾವರಣದ ಆರ್ಗಾನ್-40ಕ್ಕೆ ಅಪ್ಪಳಿಸಿದಾಗ ಹುಟ್ಟುವ ಈ ಸಮಸ್ಥಾನಿಯ (ಒಂದೇ ಧಾತುವಿನ ಬೇರೆ ತೂಕದ ಪರಮಾಣುವಿನ) ಅರ್ಧಾಯು ಸುಮಾರು 268 ವರ್ಷ.

ಇಷ್ಟು ಸೊಗಸಾದ ಗಡಿಯಾರ ಇಷ್ಟು ಕಾಲ ಮೂಲೆಯಲ್ಲಿ ಬಿದ್ದಿದ್ದೇಕೆ ಎಂಬುದಕ್ಕೆ ಅಂಕಿಗಳೇ ಉತ್ತರ ಹೇಳುತ್ತವೆ. ವಾತಾವರಣದ ಆರ್ಗಾನ್‌ನಲ್ಲಿ ಹನ್ನೆರಡೂವರೆ ಕೋಟಿ ಕೋಟಿ ಪರಮಾಣುಗಳಿಗೆ ಒಂದರಂತೆ ಮಾತ್ರ ಆರ್ಗಾನ್-39 ಇರುತ್ತದೆ. ಒಂದು ಲೀಟರ್ ಕಡಲನೀರಿನಲ್ಲಿ ಕರಗಿರುವ ಆರ್ಗಾನ್ ಸುಮಾರು ಮೂರನೇ ಒಂದು ಮಿಲಿಲೀಟರ್. ಮೇಲ್ಮೈಯ ಹೊಸ ನೀರಾದರೂ ಅದರಲ್ಲಿ ಆರ್ಗಾನ್-39ರ ಏಳು ಸಾವಿರದಷ್ಟು ಪರಮಾಣುಗಳಿದ್ದಾವು, ಮತ್ತು ಇಡೀ ವರ್ಷದಲ್ಲಿ ಅವುಗಳಲ್ಲಿ ಹದಿನೆಂಟೋ ಇಪ್ಪತ್ತೋ ಮಾತ್ರ ಕ್ಷಯಿಸುತ್ತವೆ. 1968ರಲ್ಲಿ ಗಾಳಿಯ ಆರ್ಗಾನ್‌ನಲ್ಲಿ ಇದನ್ನು ಮೊದಲು ಗುರುತಿಸಿದ ಬರ್ನ್ ವಿಶ್ವವಿದ್ಯಾಲಯದ ಲೂಸ್ಲಿ ಮತ್ತು ಓಷ್ಗರ್ ಅವರ ದಾರಿ ಹಿಡಿದವರು ಒಂದೊಂದು ಕ್ಷಯವನ್ನೇ ಕಾದು ಎಣಿಸಬೇಕಿತ್ತು. ಅದಕ್ಕೆ ಸಾವಿರ ಲೀಟರಿಗೂ ಹೆಚ್ಚು ನೀರು, ಹೊರಗಿನ ವಿಕಿರಣ ಮುಟ್ಟದ ನೆಲದಡಿಯ ಕೋಣೆ ಮತ್ತು ವಾರಗಟ್ಟಲೆ ಕಾಯುವ ತಾಳ್ಮೆ ಬೇಕಾಗುತ್ತಿದ್ದವು. ಹಡಗಿನ ಮೇಲೆ ಒಂದೊಂದು ಆಳದಿಂದ ಟನ್ನುಗಟ್ಟಲೆ ನೀರೆತ್ತಿ ಅನಿಲ ಹಿಂಡುವುದು ಎಂದರೇನೆಂದು ಆ ಕೆಲಸ ಮಾಡಿದವರೇ ಬಲ್ಲರು.

ಹೊಸ ಸೇವೆ ಕ್ಷಯವನ್ನು ಕಾಯುವುದಿಲ್ಲ; ಇರುವ ಪರಮಾಣುವನ್ನೇ ಹಿಡಿದು ಎಣಿಸುತ್ತದೆ. ಲೇಸರ್ ಬಲೆಯಿಂದ ವಿರಳ ಸಮಸ್ಥಾನಿಗಳನ್ನು ಎಣಿಸುವ ಈ ವಿಧಾನವನ್ನು 1999ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕ್ರಿಪ್ಟಾನ್ ಮೇಲೆ ತೋರಿಸಲಾಯಿತು. (ಆ ಸಂಸ್ಥೆಯ ಹೆಸರಿಗೂ ಈ ಅನಿಲಕ್ಕೂ ಸಂಬಂಧವಿಲ್ಲ, ಕನ್ನಡದಲ್ಲಿ ಎರಡೂ ಒಂದೇ ಬಗೆಯಲ್ಲಿ ಬರೆಯಲ್ಪಡುತ್ತವೆ, ಅಷ್ಟೆ.) ಆರ್ಗಾನ್-39ಕ್ಕೆ ಅದು 2011ರಲ್ಲಿ ಒಲಿಯಿತು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಐದೇ ಲೀಟರಿನ ಮಾದರಿಗಳಿಂದ ಉಷ್ಣವಲಯದ ಪೂರ್ವ ಅಟ್ಲಾಂಟಿಕ್ ನೀರನ್ನು ಅಳೆದು 2018ರಲ್ಲಿ ಪ್ರಕಟಿಸಿದ ಮೇಲೆ, ಸಾವಿರ ಲೀಟರಿನ ಮಾತು ಹಳೆಯದಾಯಿತು.

ಯಂತ್ರದ ಒಳಗೆ ನಡೆಯುವುದು ಪರಮಾಣುವಿಗೂ ಬೆಳಕಿಗೂ ನಡುವಿನ ಒಂದು ದೀರ್ಘ ಸಂವಾದ. ಆರ್ಗಾನ್ ಜಡಾನಿಲವಾದ್ದರಿಂದ ತನ್ನ ತಳಸ್ಥಿತಿಯಲ್ಲಿ ಸುಲಭವಾಗಿ ಸಿಗುವ ಯಾವ ಲೇಸರಿಗೂ ಅದು ಸ್ಪಂದಿಸುವುದಿಲ್ಲ. ಅದನ್ನು ನೇರವಾಗಿ ಉದ್ರೇಕಿಸಲು 107 ನ್ಯಾನೊಮೀಟರಿನ ಆಸುಪಾಸಿನ ಅತಿನೇರಳೆ ಬೆಳಕು ಬೇಕು. ಹಾಗಾಗಿ ರೇಡಿಯೊ ಆವರ್ತಾಂಕದ ವಿದ್ಯುತ್ ವಿಸರ್ಜನೆಯಲ್ಲಿ ಅನಿಲವನ್ನು ಹಾಯಿಸಿ, ಸಾವಿರಕ್ಕೆ ಒಂದೋ ಅದಕ್ಕಿಂತ ಕಡಿಮೆಯೋ ಪರಮಾಣುಗಳನ್ನು ಅರೆಸ್ಥಿರ ಸ್ಥಿತಿಗೆ ಏರಿಸುತ್ತಾರೆ. ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಬಾಳುವ ಈ ಸ್ಥಿತಿಯಲ್ಲಿರುವ ಆರ್ಗಾನ್ 812 ನ್ಯಾನೊಮೀಟರಿನ ಬೆಳಕನ್ನು ಹೀರಿ ಮತ್ತೆ ಹೊರಸೂಸುತ್ತದೆ, ಮತ್ತೆ ಹೀರುತ್ತದೆ. ಪ್ರತಿಯೊಂದು ಫೋಟಾನು ಎದುರಿನಿಂದ ಬಂದು ತಾಗಿದಾಗ ಪರಮಾಣುವಿನ ವೇಗ ಸೆಕೆಂಡಿಗೆ ಸುಮಾರು 1.2 ಸೆಂಟಿಮೀಟರಿನಷ್ಟು ತಗ್ಗುತ್ತದೆ. ದ್ರವ ನೈಟ್ರೋಜನ್ನಿನಿಂದ ತಂಪು ಮಾಡಿದ ಮೂಲದಿಂದ ಸೆಕೆಂಡಿಗೆ 250 ಮೀಟರಿನಂತೆ ಹೊರಟ ಪರಮಾಣುವನ್ನು ನಿಲ್ಲಿಸಲು ಇಪ್ಪತ್ತು ಸಾವಿರ ಇಂಥ ತಾಗುವಿಕೆಗಳು ಬೇಕು. ಕೊನೆಗೆ ಆರು ದಿಕ್ಕಿನ ಲೇಸರ್ ಕಿರಣಗಳು ಮತ್ತು ಕಾಂತಕ್ಷೇತ್ರ ಸೇರಿ ಕಟ್ಟಿದ ಬಲೆಯಲ್ಲಿ ಅದು ನಿಂತು ಮಿನುಗುತ್ತದೆ. ಒಂದೇ ಒಂದು ಪರಮಾಣುವಿನ ಮಿನುಗು; ಸಂವೇದಕದ ತೆರೆಯ ಮೇಲೆ ಅದು ಸಮತಟ್ಟಾದ ರೇಖೆಯಿಂದ ಮೇಲೆದ್ದ ಒಂದು ಮೆಟ್ಟಿಲಿನಂತೆ ಕಾಣಿಸುತ್ತದೆ. ಲೇಸರಿನಿಂದ ಪರಮಾಣುಗಳನ್ನು ತಂಪುಮಾಡಿ ಹಿಡಿಯುವ ವಿದ್ಯೆಗೆ 1997ರಲ್ಲಿ ಚು, ಕೊಹೆನ್-ತನೂಜಿ ಮತ್ತು ಫಿಲಿಪ್ಸ್ ಅವರಿಗೆ ನೊಬೆಲ್ ಸಂದಿದ್ದು ಕಡಲನೀರಿಗಾಗಿಯಲ್ಲ, ಆದರೆ ಅದರ ಫಲ ಇಲ್ಲಿಯೂ ಸಿಕ್ಕಿದೆ.

ಆರ್ಗಾನ್-40 ಈ ಬಲೆಗೆ ಬೀಳದಿರುವುದಕ್ಕೆ ಕಾರಣ ನ್ಯೂಕ್ಲಿಯಸ್ಸಿನ ಸಣ್ಣ ವ್ಯತ್ಯಾಸ. ಒಂದು ನ್ಯೂಟ್ರಾನು ಕಡಿಮೆಯಾದರೆ ದ್ರವ್ಯರಾಶಿ ಬದಲಾಗುತ್ತದೆ, ನ್ಯೂಕ್ಲಿಯಸ್ಸಿನ ಸ್ಪಿನ್ (ಅದರ ಸ್ವಂತ ತಿರುಗುವಿಕೆಯ ಅಳತೆ) ಸೊನ್ನೆಯಿಂದ 7/2ಕ್ಕೆ ಏರುತ್ತದೆ, ಅದರಿಂದ ಎಲೆಕ್ಟ್ರಾನಿನ ಶಕ್ತಿಮಟ್ಟಗಳು ಹೊಸದಾಗಿ ಸೀಳಿಕೊಳ್ಳುತ್ತವೆ. ಹೀರುವಿಕೆಯ ರೇಖೆಯ ಸಹಜ ಅಗಲ ಆರು ಮೆಗಾಹರ್ಟ್ಸ್ ಮಾತ್ರ. ಎರಡು ಸಮಸ್ಥಾನಿಗಳ ರೇಖೆಗಳ ನಡುವಿನ ಅಂತರ ಅದರ ಹಲವು ಪಟ್ಟು. ಒಮ್ಮೆ ಅಕಸ್ಮಾತ್ತಾಗಿ ಆರ್ಗಾನ್-40 ಒಂದು ಫೋಟಾನನ್ನು ಹೀರಿದರೂ, ಇಪ್ಪತ್ತು ಸಾವಿರ ಸಲ ಅದು ಅಕಸ್ಮಾತ್ತಾಗಿ ಹೀರಲಾರದು. ಈ ವಿಧಾನದ ನಿಜವಾದ ಜರಡಿ ಇದೇ. ಬೇರೆ ಧಾತು, ಬೇರೆ ಅಣು, ಅದೇ ದ್ರವ್ಯರಾಶಿಯ ಪೊಟ್ಯಾಸಿಯಂ-39, ಯಾವುದೂ ಇದನ್ನು ದಾಟಿ ಬರುವುದಿಲ್ಲ. ದ್ರವ್ಯರಾಶಿಯಿಂದ ಬೇರ್ಪಡಿಸುವ ಯಂತ್ರಗಳಲ್ಲಿ ಕೆಲಸ ಮಾಡಿ ಹೈರಾಣಾದವರಿಗೆ ಇದರ ಬೆಲೆ ತಟ್ಟನೆ ಅರ್ಥವಾಗುತ್ತದೆ.

ಮಾದರಿ ಸಂಗ್ರಹದ ವಿಷಯದಲ್ಲಿ ಪ್ರಯೋಗಾಲಯ ಕೊಟ್ಟ ಸೂಚನೆಗಳು ಸಾಕಷ್ಟು ಸ್ಪಷ್ಟವಾಗಿದ್ದವು, ಒಂದನ್ನು ಬಿಟ್ಟು. ಬೇಕಾದ ಆಳದಲ್ಲಿ ನೀರು ಹಿಡಿದು ತರುವ ನಿಸ್ಕಿನ್ ಬಾಟಲಿಯಿಂದ ನೀರನ್ನು ಮೊದಲೇ ನಿರ್ವಾತಗೊಳಿಸಿದ ಉಕ್ಕಿನ ಸಿಲಿಂಡರಿಗೆ ನೇರವಾಗಿ ಹರಿಸಬೇಕು, ನಡುವೆ ಗಾಳಿ ತಾಗಬಾರದು. ಕೊಳವೆಯೊಳಗಿನ ಗಾಳಿಯನ್ನು ನೀರಿನಿಂದಲೇ ತಳ್ಳಿ ಹೊರಹಾಕಬೇಕೆಂದು ಸೂಚನೆಯಲ್ಲಿದೆ. ಆದರೆ ತಪ್ಪಿದರೆ ಎಷ್ಟು ನಷ್ಟವೆಂದು ಇಲ್ಲ. ನಾನೇ ಲೆಕ್ಕ ಹಾಕಿದೆ. ಐದು ಲೀಟರ್ ನೀರಿನಲ್ಲಿರುವ ಆರ್ಗಾನ್ ಹೆಚ್ಚೆಂದರೆ ಎರಡು ಮಿಲಿಲೀಟರ್; ಇಪ್ಪತ್ತು ಮಿಲಿಲೀಟರ್ ಗಾಳಿ ನುಸುಳಿದರೆ ನೀರಿನಲ್ಲಿದ್ದ ಆರ್ಗಾನ್‌ನ ಹತ್ತನೇ ಒಂದು ಭಾಗದಷ್ಟು ಹೊಸ ಆರ್ಗಾನ್ ಸೇರಿಕೊಳ್ಳುತ್ತದೆ. ಮೇಲ್ಮೈ ನೀರಿನ ಮೂವತ್ತು ಪ್ರತಿಶತದಷ್ಟೇ ಆರ್ಗಾನ್-39 ಉಳಿದಿರುವ ನೀರಾದರೆ, 465 ವರ್ಷವೆಂದು ಬರಬೇಕಾದ ವಯಸ್ಸು 391ಕ್ಕೆ ಕುಸಿಯುತ್ತದೆ. ನೀರು ಹಳೆಯದಾದಷ್ಟೂ ಪೆಟ್ಟು ಜೋರು. ನನ್ನ ಒಂದು ಸಿಲಿಂಡರಿನ ಕವಾಟ ಸಾಗಾಟದಲ್ಲಿ ಸಡಿಲವಾಗಿತ್ತು, ಅದು ಅತ್ಯಂತ ಆಳದ ಮಾದರಿಯೇ ಆಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕರಗಿದ ಅನಿಲಗಳ ಪ್ರಮಾಣ ಅಸಹಜವಾಗಿದೆಯೆಂದು ಪ್ರಯೋಗಾಲಯದವರೇ ಗುರುತಿಸಿ, ಅಳೆಯುವ ಮೊದಲೇ ತಿಳಿಸಿದರು. ಈ ಎಚ್ಚರಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಅನಿಲ ಬೇರ್ಪಡಿಸುವ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರಿನಿಂದ ಅನಿಲಗಳನ್ನು ನಿರ್ವಾತದಲ್ಲಿ ಹೊರತೆಗೆದು, ಬಿಸಿ ಟೈಟೇನಿಯಂ ಮೇಲೆ ಹಾಯಿಸಿದರೆ ನೈಟ್ರೋಜನ್, ಆಮ್ಲಜನಕ ಮುಂತಾದವೆಲ್ಲ ಲೋಹದೊಡನೆ ಕೂಡಿಕೊಂಡು ಉಳಿಯುತ್ತವೆ, ಜಡಾನಿಲಗಳು ಮಾತ್ರ ಮುಂದೆ ಹೋಗುತ್ತವೆ. ಹೊರತೆಗೆಯುವಾಗ ಅಲ್ಪಸ್ವಲ್ಪ ಆರ್ಗಾನ್ ಕಳೆದುಹೋದರೂ ಚಿಂತೆಯಿಲ್ಲ, ಏಕೆಂದರೆ ಅಳೆಯುವುದು ಆರ್ಗಾನ್-39 ಮತ್ತು ಒಟ್ಟು ಆರ್ಗಾನ್‌ಗಳ ಅನುಪಾತವನ್ನು.

ತಡವಾದದ್ದು ನಿಜ. ನಾಲ್ಕು ತಿಂಗಳೆಂದು ಹೇಳಿದ್ದ ಕೆಲಸಕ್ಕೆ ಏಳು ತಿಂಗಳು ಹಿಡಿಯಿತು, ಮತ್ತು ನಡುವಿನ ಎರಡು ತಿಂಗಳು ನನ್ನ ಪತ್ರಗಳಿಗೆ ಉತ್ತರವೇ ಬರಲಿಲ್ಲ. ಮೌನವನ್ನು ಸಮರ್ಥಿಸಲಾರೆ, ಆದರೆ ತಡವಾದದ್ದೇಕೆಂದು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಿತು. ಹೊಸ ನೀರಿನ ಮಾದರಿಯಲ್ಲೂ ಗಂಟೆಗೆ ಆರು ಪರಮಾಣುಗಳಷ್ಟೇ ಬಲೆಗೆ ಬೀಳುತ್ತವೆ. ಒಂದು ಮಾದರಿಗೆ ಇಪ್ಪತ್ತು ಗಂಟೆ ಬೇಕು. ಅದಾದ ಮೇಲೆ ಮುಂದಿನ ಮಾದರಿಯನ್ನು ಕೂಡಲೇ ಹಾಕುವಂತಿಲ್ಲ. ವಿದ್ಯುತ್ ವಿಸರ್ಜನೆಯಲ್ಲಿ ಅಯಾನುಗಳಾದ ಆರ್ಗಾನ್ ಕೊಳವೆಯ ಗೋಡೆಗೆ ಬಡಿದು ಒಳಗೆ ಹುದುಗಿಕೊಳ್ಳುತ್ತದೆ, ಮತ್ತು ಮುಂದಿನ ಮಾದರಿ ಹರಿಯುವಾಗ ಮೆಲ್ಲಗೆ ಹೊರಬರುತ್ತದೆ. ಈ ಹಿಂದಿನ ಎಂಜಲನ್ನು ಬೇರೊಂದು ಅನಿಲದ ವಿಸರ್ಜನೆಯಿಂದ ತೊಳೆಯಬೇಕು, ನಡುನಡುವೆ ಆರ್ಗಾನ್-39 ಹೆಚ್ಚಿಸಿದ ಮಾನಕ ಮಾದರಿಯನ್ನು ಅಳೆದು ಯಂತ್ರದ ದಕ್ಷತೆಯನ್ನು ಸರಿನೋಡಬೇಕು. ಹೋಲಿಕೆಗೆ ಹೇರಳವಾದ ಇನ್ನೊಂದು ಸಮಸ್ಥಾನಿಯನ್ನು ಹಿಡಿದರೆ ಅಲ್ಲಿ ಬೇರೆಯೇ ತೊಡಕು: ಎರಡು ಅರೆಸ್ಥಿರ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾದರೆ, ತಲಾ 11.5 ಎಲೆಕ್ಟ್ರಾನ್ ವೋಲ್ಟಿನಷ್ಟಿರುವ ಅವುಗಳ ಶಕ್ತಿ ಸೇರಿ, 15.8 ಎಲೆಕ್ಟ್ರಾನ್ ವೋಲ್ಟ್ ಬೇಡುವ ಅಯಾನೀಕರಣವನ್ನು ಸುಲಭವಾಗಿ ದಾಟುತ್ತದೆ, ಮತ್ತು ಎರಡೂ ಬಲೆಯಿಂದ ಮಾಯವಾಗುತ್ತವೆ. ಒಂಟಿಯಾಗಿ ಬರುವ ಆರ್ಗಾನ್-39ಕ್ಕೆ ಈ ಕಾಟವಿಲ್ಲ, ಗುಂಪಾಗಿ ಬರುವ ಹೋಲಿಕೆಯ ಸಮಸ್ಥಾನಿಗೆ ಇದೆ. ಇದನ್ನೆಲ್ಲ ಸರಿತೂಗಿಸುವ ಯಂತ್ರ ದಿನಕ್ಕೊಂದು ಮಾದರಿಯನ್ನೂ ಮುಗಿಸದಿದ್ದರೆ ಆಶ್ಚರ್ಯವಿಲ್ಲ.

ಈಗ ವರದಿಗೆ ಬರೋಣ. ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ಬಂದ ಕೋಷ್ಟಕದಲ್ಲಿ ಮೂರು ಅಂಕಣಗಳಿದ್ದವು: ಮೇಲ್ಮೈ ನೀರಿಗೆ ಹೋಲಿಸಿದ ಆರ್ಗಾನ್-39ರ ಪ್ರತಿಶತ, ಅದರ ದೋಷಮಿತಿ, ಮತ್ತು ವರ್ಷಗಳಲ್ಲಿ ವಯಸ್ಸು. ಎಲ್ಲರ ಕಣ್ಣೂ ಮೊದಲು ಹೋಗುವುದು ಮೂರನೆಯದಕ್ಕೆ, ಮತ್ತು ಅದೇ ಅತ್ಯಂತ ದುರ್ಬಲ ಅಂಕಣ. ಒಂದು ಮಾದರಿಗೆ 30 ಪ್ರತಿಶತ, ದೋಷ 5, ವಯಸ್ಸು 465, ದೋಷ 65 ವರ್ಷ ಎಂದು ಬರೆದಿತ್ತು. ಕ್ಷಯದ ಲೆಕ್ಕ ಲಘುಗಣಕದ್ದು. 25 ಪ್ರತಿಶತವಾದರೆ ವಯಸ್ಸು 536, 35 ಆದರೆ 406. ಅಂದರೆ ಮೇಲಕ್ಕೆ 71, ಕೆಳಕ್ಕೆ 59. ಎರಡೂ ಕಡೆ ಒಂದೇ ಅಂಕಿ ಬರೆಯುವುದು ಇಲ್ಲಿ ಸಣ್ಣ ತಪ್ಪು, ಇನ್ನೂ ಹಳೆಯ ನೀರಿನಲ್ಲಿ ದೊಡ್ಡ ತಪ್ಪು.

ಇದಕ್ಕಿಂತ ಗಂಭೀರವಾದದ್ದು ವಯಸ್ಸು ಎಂಬ ಮಾತಿನಲ್ಲೇ ಇದೆ. ಆಳದಲ್ಲಿ ಯಾವ ನೀರೂ ಒಂದೇ ದಿನ ಮುಳುಗಿ ಒಟ್ಟಾಗಿ ಬಂದದ್ದಲ್ಲ. ಅರ್ಧ ನೀರು ಈಗಷ್ಟೇ ಮೇಲ್ಮೈಯಿಂದ ಇಳಿದದ್ದು, ಇನ್ನರ್ಧ 800 ವರ್ಷದ ಹಿಂದೆ ಇಳಿದದ್ದು ಎಂದುಕೊಳ್ಳಿ. ಸರಾಸರಿ ವಯಸ್ಸು 400. ಆದರೆ ಹಳೆಯ ಅರ್ಧದಲ್ಲಿ ಆರ್ಗಾನ್-39 ಶೇಕಡಾ 12.6ಕ್ಕೆ ಇಳಿದಿರುತ್ತದೆ, ಮಿಶ್ರಣದಲ್ಲಿ ಶೇಕಡಾ 56 ಇರುತ್ತದೆ, ಮತ್ತು ಆ ಅಂಕಿಯನ್ನು ಸೂತ್ರಕ್ಕೆ ಹಾಕಿದರೆ ಹೊರಬರುವ ವಯಸ್ಸು ಸುಮಾರು 222 ವರ್ಷ. ಇದು ಅಳತೆಯ ದೋಷವಲ್ಲ. ಪರಮಾಣುಗಳ ಎಣಿಕೆ ನೂರಕ್ಕೆ ನೂರು ಸರಿಯಿದ್ದರೂ ಹೀಗೇ ಆಗುತ್ತದೆ. ಈ ವಯಸ್ಸನ್ನು ಹಿಡಿದು ಆಮ್ಲಜನಕದ ಲೆಕ್ಕಕ್ಕೆ ಹೋದರೆ ತಪ್ಪು ದುಪ್ಪಟ್ಟಾಗುತ್ತದೆ: ನೀರು ಮುಳುಗಿದಾಗಿನಿಂದ ಕಿಲೊಗ್ರಾಮಿಗೆ 100 ಮೈಕ್ರೊಮೋಲ್ ಆಮ್ಲಜನಕ ಖರ್ಚಾಗಿದ್ದರೆ, ವರ್ಷಕ್ಕೆ 0.25 ಎಂದು ಬರಬೇಕಾದದ್ದು 0.45 ಎಂದು ಬರುತ್ತದೆ. ಆದ್ದರಿಂದ ಪ್ರತಿಶತದ ಅಂಕಣವನ್ನು ಸಿಎಫ್‌ಸಿ-12 ಮತ್ತು ಸಲ್ಫರ್ ಹೆಕ್ಸಾಫ್ಲೋರೈಡ್ ಅಳತೆಗಳ ಜೊತೆಗಿಟ್ಟು, ವಯಸ್ಸುಗಳ ಹರವನ್ನು ಒಟ್ಟಾಗಿ ಊಹಿಸುವುದೇ ಸರಿಯಾದ ಬಳಕೆ. ಪ್ರಯೋಗಾಲಯದ ಭೌತಶಾಸ್ತ್ರಜ್ಞರಿಗೆ ಇದು ಗೊತ್ತಿಲ್ಲವೆಂದಲ್ಲ, ನಾನು ಕೇಳಿದಾಗ ಅವರೇ ಚೆನ್ನಾಗಿ ವಿವರಿಸಿದರು; ಹಾಗಿದ್ದೂ ಆ ಅಂಕಣವನ್ನು ಒಂದು ಸಾಲಿನ ಎಚ್ಚರಿಕೆಯೂ ಇಲ್ಲದೆ ಅಚ್ಚುಹಾಕುವುದೇಕೆ ಎಂಬುದು ನನ್ನ ಪ್ರಶ್ನೆ.

ಎಣಿಕೆಯ ಕಚ್ಚಾ ದತ್ತಾಂಶವನ್ನು ಕೇಳಿದೆ, ಕಳುಹಿಸಿದರು. ಅದರಲ್ಲಿ ಪ್ರತಿಯೊಂದು ಪರಮಾಣು ಬಲೆಗೆ ಬಿದ್ದ ಕ್ಷಣ, ಮಾನಕ ಮಾದರಿಯ ಎಣಿಕೆ, ಹಿಂದಿನ ಎಂಜಲಿಗಾಗಿ ಕಳೆದ ಮೊತ್ತ ಎಲ್ಲವೂ ಇತ್ತು. ಮೇಲೆ ಹೇಳಿದ ಮಾದರಿಯಲ್ಲಿ ಇಪ್ಪತ್ತು ಗಂಟೆಯಲ್ಲಿ ಸಿಕ್ಕಿದ್ದು ಮೂವತ್ತಾರು ಪರಮಾಣು. ಎಣಿಕೆಯ ಸಹಜ ಏರಿಳಿತ ಎಣಿಸಿದ ಸಂಖ್ಯೆಯ ವರ್ಗಮೂಲದಷ್ಟು, ಮೂವತ್ತಾರರ ವರ್ಗಮೂಲ ಆರು; ಅದು ಆರನೇ ಒಂದು ಭಾಗ, ವರದಿಯ 30ಕ್ಕೆ 5 ಕೂಡ ಅಷ್ಟೇ. ಅಂದರೆ ದೋಷಮಿತಿಯ ಬಹುಪಾಲು ಎಣಿಕೆಯ ಸಹಜ ಏರಿಳಿತದ್ದೇ, ಯಂತ್ರದ್ದಲ್ಲ. ಇದು ಬಹಳ ಉಪಯುಕ್ತವಾದ ಮಾಹಿತಿ, ಏಕೆಂದರೆ ಹೆಚ್ಚು ಹೊತ್ತು ಎಣಿಸಿದರೆ ದೋಷ ಇಳಿಯುತ್ತದೆಂದು ಅದು ಭರವಸೆ ಕೊಡುತ್ತದೆ. ಯಂತ್ರದ ಲೋಪವೇ ಮೇಲುಗೈ ಆಗಿದ್ದರೆ ಎಷ್ಟು ಹೊತ್ತು ಎಣಿಸಿದರೂ ಪ್ರಯೋಜನವಿರುತ್ತಿರಲಿಲ್ಲ. ವರದಿಯಲ್ಲಿ ಇರಬೇಕಾದದ್ದು ಈ ಅಂಕಿಗಳು.

ಇವೇ ನೀರುಗಳಲ್ಲಿ ಕಾರ್ಬನ್-14 ಅನ್ನು ವೇಗೋತ್ಕರ್ಷಕದಿಂದ (ಪರಮಾಣುಗಳನ್ನು ವೇಗಗೊಳಿಸಿ, ದ್ರವ್ಯರಾಶಿಯಿಂದ ಬೇರ್ಪಡಿಸಿ ಎಣಿಸುವ ಯಂತ್ರದಿಂದ) ಅಳೆಸಿದ್ದೆ; ಆ ಸೇವೆಗೆ ಅರ್ಧ ಲೀಟರ್ ನೀರು ಸಾಕು, ಫಲಿತಾಂಶ ಬೇಗ ಬರುತ್ತದೆ, ಎಣಿಕೆಯ ನಿಖರತೆಯಲ್ಲಿ ಆರ್ಗಾನ್ ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ನೀರಿನ ರಸಾಯನದ ಮುಂದೆ ಆ ನಿಖರತೆ ಬಹುಮಟ್ಟಿಗೆ ಕರಗಿಹೋಗುತ್ತದೆ. ಕಡಲಿನಲ್ಲಿ ಕರಗಿರುವ ಅಜೈವಿಕ ಇಂಗಾಲದಲ್ಲಿ ಅನಿಲರೂಪದ ಡೈಆಕ್ಸೈಡ್ ಶೇಕಡಾ ಒಂದರ ಆಸುಪಾಸು. ಉಳಿದದ್ದರಲ್ಲಿ ಹೆಚ್ಚಿನದು ಬೈಕಾರ್ಬೊನೇಟ್. ಗಾಳಿಯೊಡನೆ ಕೊಡುಕೊಳ್ಳುವ ಬಾಗಿಲು ಆ ಒಂದು ಪ್ರತಿಶತ ಮಾತ್ರ, ಬದಲಾಗಬೇಕಾದದ್ದು ಇಡೀ ಸಂಗ್ರಹ. ಹೀಗಾಗಿ ಮೇಲ್ಪದರದ ನೀರು ಕಾರ್ಬನ್-14ರ ಮಟ್ಟಿಗೆ ಗಾಳಿಯೊಡನೆ ಸಮತೋಲಕ್ಕೆ ಬರಲು ಹತ್ತು ವರ್ಷದಷ್ಟು ಕಾಲ ಬೇಕು. ಅಷ್ಟು ಪುರುಸೊತ್ತು ಅದಕ್ಕೆ ಸಿಗುವುದಿಲ್ಲ. ಮುಳುಗುವ ಮೊದಲೇ ನೀರು ನೂರಾರು ವರ್ಷ ಮುದಿಯಾಗಿ ಕಾಣುತ್ತದೆ. ಸಾಲದ್ದಕ್ಕೆ ಮೇಲಿನಿಂದ ಉದುರುವ ಜೀವಿಗಳ ಅವಶೇಷ ಆಳದಲ್ಲಿ ಕರಗಿ ಹೊಸ ಇಂಗಾಲವನ್ನು ಸೇರಿಸುತ್ತದೆ, ಅಣುಬಾಂಬು ಪರೀಕ್ಷೆಗಳ ಕಾರ್ಬನ್-14 ಕೂಡ ಬಂದು ಸೇರಿದೆ. ಆರ್ಗಾನ್ ಯಾವ ಜೀವಿಗೂ ಬೇಡ, ಯಾವ ಲವಣದೊಡನೆಯೂ ಕೂಡುವುದಿಲ್ಲ, ತಿಂಗಳೊಂದರಲ್ಲಿ ಗಾಳಿಯೊಡನೆ ಸಮತೋಲಕ್ಕೆ ಬರುತ್ತದೆ. ಅಲೆಗಳ ಗುಳ್ಳೆಗಳಿಂದ ನೀರಿನಲ್ಲಿ ಆರ್ಗಾನ್ ತುಸು ಹೆಚ್ಚಾಗಿ ಕರಗಿದ್ದರೂ ಅನುಪಾತ ಬದಲಾಗುವುದಿಲ್ಲ. ವಿಶ್ವಕಿರಣಗಳ ಏರಿಳಿತದಿಂದ ಶತಮಾನಗಳ ಹಿಂದಿನ ಗಾಳಿಯಲ್ಲಿ ಆರ್ಗಾನ್-39 ಸ್ವಲ್ಪ ಬೇರೆಯಿತ್ತು ಎಂಬ ತಿದ್ದುಪಡಿಯೊಂದು ಬೇಕು. ನನ್ನ ವರದಿಯಲ್ಲಿ ಅದನ್ನು ಮಾಡಿರಲಿಲ್ಲ.

ನನ್ನ ಮಾದರಿಗಳ ಪೈಕಿ ಮಧ್ಯದ ಆಳದ ನಾಲ್ಕರಲ್ಲಿ ಎರಡು ವಿಧಾನಗಳ ವಯಸ್ಸು ಇನ್ನೂರು ವರ್ಷಕ್ಕೂ ಹೆಚ್ಚು ಬೇರೆಯಾಗಿತ್ತು, ಮತ್ತು ಆ ನಾಲ್ಕರಲ್ಲೂ ನಾನು ನಂಬುವುದು ಮೂವತ್ತು ನಲವತ್ತು ಪರಮಾಣುಗಳ ಒರಟು ಎಣಿಕೆಯನ್ನು.

ದಶಕಗಳಷ್ಟು ಹೊಸದಾದ ನೀರಿನ ಮೇಲೆ ಕೆಲಸ ಮಾಡುವವರು ಈ ಸೇವೆಗೆ ಹೋಗುವ ಅಗತ್ಯವಿಲ್ಲ. ಅಲ್ಲಿ ಸಿಎಫ್‌ಸಿಯೇ ಸಾಕು, ಐವತ್ತು ವರ್ಷದ ನೀರಿನಲ್ಲಿ ಆರ್ಗಾನ್-39ರ ಇಳಿಕೆ ಶೇಕಡಾ 12 ಮಾತ್ರ, ಅದು ಎಣಿಕೆಯ ದೋಷಕ್ಕಿಂತ ಹೆಚ್ಚೇನೂ ಅಲ್ಲ. ಶತಮಾನಗಳ ಲೆಕ್ಕ ಬೇಕಾದವರು ಹೋಗಲೇಬೇಕು, ಆದರೆ ಹನ್ನೆರಡು ಆಳಗಳಿಂದ ಒಂದೊಂದು ಸಿಲಿಂಡರ್ ಕಳುಹಿಸಿದ ನನ್ನ ಯೋಜನೆಯನ್ನು ಅನುಸರಿಸಬಾರದು. ಮುಂದಿನ ಬಾರಿ ನಾನು ಆರು ಆಳಗಳನ್ನಷ್ಟೇ ಆರಿಸಿ ಪ್ರತಿಯೊಂದರಿಂದ ಎರಡು ಸಿಲಿಂಡರ್ ತುಂಬಿಸುತ್ತೇನೆ, ಪ್ರತಿ ಮಾದರಿಯನ್ನು ನಲವತ್ತು ಗಂಟೆ ಎಣಿಸಲು ಕೋರುತ್ತೇನೆ, ಮತ್ತು ಕೋರಿಕೆಯ ಪತ್ರದಲ್ಲೇ ವಯಸ್ಸಿನ ಅಂಕಣ ಬೇಡವೆಂದು, ಅದರ ಬದಲು ಎಣಿಸಿದ ಪರಮಾಣುಗಳ ಸಂಖ್ಯೆಯನ್ನು ಕೊಡಬೇಕೆಂದು ಬರೆಯುತ್ತೇನೆ.